ನೀರುಕಾಗೆ ದುಗ್ಗಣ್ಣನ ಗೆಂಡೆ ಪಂದ್ಯ

ಮಕ್ಕಳೇ, ಬಿಳಿಗಲ್ಲು ಕೆರೆಯಲ್ಲಿ ದುಗ್ಗಣ್ಣ ಎಂಬ ಒಂದು ನೀರುಕಾಗೆ ಇತ್ತು. ನೀರಿನಲ್ಲಿ ಮುಳುಗಿ, ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಆ ಕೆರೆಯಲ್ಲಿ ಯಾರೂ ಇರಲಿಲ್ಲ. ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಅದು ಗೊತ್ತಿತ್ತು. ಅವನಿಗೆ ತನ್ನ ಮೀನನ್ನು ನೋಡಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಸದಾ ಬೇರೆಯವರ ಕೊಕ್ಕಿನಲ್ಲಿ ಏನಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದ.

ನಗಬೇಡಿ. ಪಕ್ಕದವರ ಊಟದ ಡಬ್ಬಿಗೆ ಇಣುಕಿ, ಆಮೇಲೆ ತಮ್ಮ ಡಬ್ಬಿಯ ಚಿತ್ರಾನ್ನ ಸಪ್ಪೆ ಎಂದು ಮೂತಿ ತಿರುವಿದವರು ನಿಮ್ಮಲ್ಲೂ ಇದ್ದೀರಿ.

ಬೇಸಿಗೆ ಬಂದರೆ ಬಿಳಿಗಲ್ಲು ಕೆರೆ ಬತ್ತುತ್ತಿತ್ತು. ಆಗ ನೀರು ಉಳಿಯುತ್ತಿದ್ದುದು ತೂಬಿನ ಹತ್ತಿರದ ಮಡುವಿನಲ್ಲಿ ಮಾತ್ರ. ಆ ಮಡು ಯಾರಿಗೆ ಸೇರಬೇಕು ಎಂಬುದನ್ನು ತೀರ್ಮಾನಿಸಲು ಪ್ರತಿ ವರ್ಷ ಗೆಂಡೆ ಮೀನು ಹಿಡಿಯುವ ಪಂದ್ಯ ನಡೆಯುತ್ತಿತ್ತು. ಗೆದ್ದವರ ಮನೆಗೆ ಬೇಸಿಗೆಯಿಡೀ ಮಡುವಿನ ಮೀನು. ಸೋತವರು ಗುಡ್ಡ ದಾಟಿ ದೂರದ ಹೊಳೆಗೆ ಹಾರಬೇಕು.

ಈ ಸಲ ದುಗ್ಗಣ್ಣ ಗೆಲ್ಲಲೇಬೇಕಿತ್ತು. ಅವನ ಹೆಂಡತಿ ಮಾಳಿ ಗೂಡಿನಲ್ಲಿ ಮೊಟ್ಟೆಗಳ ಮೇಲೆ ಕಾವು ಕುಳಿತಿದ್ದಳು. ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಕೆರೆಯಲ್ಲಿ ಬರೀ ಕೆಸರು. ಮರಿಗಳನ್ನು ಗೂಡಿನಲ್ಲಿ ಬಿಟ್ಟು ಹೊಳೆಗೆ ಹೋದರೆ ಹದ್ದು ಸುಮ್ಮನಿರುತ್ತದೆಯೇ?

ಪಂದ್ಯಕ್ಕೆ ಇಳಿದವರು ಇಬ್ಬರೇ. ಒಬ್ಬ ನಮ್ಮ ದುಗ್ಗಣ್ಣ, ಇನ್ನೊಬ್ಬಳು ಬೂದು ಬಣ್ಣದ ಬಕ, ಬೋರಕ್ಕ. ಬಕ ಎಂದ ಕೂಡಲೇ ನಿಮಗೆ ಕಳ್ಳ ಧ್ಯಾನ ನೆನಪಾಗುತ್ತದೆ ಎಂದು ಬಲ್ಲೆ. ಬೋರಕ್ಕ ಅಂಥವಳಲ್ಲ. ಉದ್ದ ಕಾಲಿನ ಮೇಲೆ ನಿಂತು ತನ್ನ ಪಾಡಿಗೆ ತಾನು ಕಾಯುವವಳು.

ತೀರ್ಪು ಹೇಳುವವಳು ಆಮೆಯಜ್ಜಿ. ಜಾಗ ಹಂಚಲು ಅವಳದೊಂದು ಪದ್ಧತಿ ಇತ್ತು. ಪಂದ್ಯಕ್ಕೆ ಇಳಿಯುವವರು ಏರಿಯ ಮೇಲೆ ನಿಂತು ತಮ್ಮದೊಂದು ಗರಿಯನ್ನು ನೀರಿಗೆ ಬಿಡಬೇಕು. ಗಾಳಿ ಆ ಗರಿಯನ್ನು ಯಾವ ದಡಕ್ಕೆ ಮುಟ್ಟಿಸುತ್ತದೋ ಅದೇ ಅವರ ಜಾಗ. ಹಿಡಿದ ಮೀನನ್ನು ನುಂಗುವಂತಿಲ್ಲ, ದಡದ ಗುಂಡಿಯಲ್ಲಿ ಬಿಟ್ಟುಕೊಳ್ಳಬೇಕು. ಕೊನೆಗೆ ಒಬ್ಬೊಬ್ಬರ ಮೀನನ್ನೂ ಅಜ್ಜಿಯ ಬೆನ್ನಿನ ಮೇಲೆ ಹೇರುತ್ತಾರೆ. ಯಾರ ಮೀನಿಗೆ ಅಜ್ಜಿ ನೀರಿನಲ್ಲಿ ಹೆಚ್ಚು ಮುಳುಗುತ್ತಾಳೋ ಅವರು ಗೆದ್ದಂತೆ.

ದುಗ್ಗಣ್ಣನ ಕಪ್ಪು ಗರಿ ಹೋಗಿ ಅತ್ತಿಮರದ ಬುಡಕ್ಕೆ ತಗುಲಿತು. ಬೋರಕ್ಕನ ಗರಿ ಎದುರು ದಡದ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಕಂಡದ್ದೇ ತಡ, ದುಗ್ಗಣ್ಣನಿಗೆ ಜೊಂಡಿನ ಜಾಗವೇ ಚೆನ್ನ ಎನಿಸಿಬಿಟ್ಟಿತು. ಅದಲುಬದಲು ಮಾಡಿಕೊಡಿ ಎಂದು ಅಜ್ಜಿಯ ಹಿಂದೆ ಬಿದ್ದ. ಅವನ ಗರಿ ಜೊಂಡಿಗೆ ಹೋಗಿದ್ದರೆ ಅತ್ತಿಮರ ಬೇಕು ಎಂದು ಅಳುತ್ತಿದ್ದ ಎಂಬುದು ಅಜ್ಜಿಗೆ ಗೊತ್ತಿತ್ತು. ಅವಳು ಕತ್ತು ಒಳಗೆಳೆದುಕೊಂಡಳು.

ಪಂದ್ಯದ ದಿನ ನಸುಕಿನಲ್ಲಿ ಮಾಳಿ ಗಂಡನಿಗೆ ಬುದ್ಧಿ ಹೇಳಿ ಕಳಿಸಿದಳು. "ಅತ್ತಿಹಣ್ಣು ತಾನಾಗೇ ನೀರಿಗೆ ಬೀಳುತ್ತೆ. ಗೆಂಡೆಗಳು ಅದನ್ನ ತಿನ್ನೋಕೆ ಬಂದೇ ಬರ್ತವೆ. ಅವು ಗುಂಪು ಕೂಡೋವರೆಗೂ ಕೊಂಬೆ ಮೇಲೆ ಅಲ್ಲಾಡದೆ ಕೂತಿರಿ. ಒಂದು ಸಲ ಮುಳುಗಿ, ಒಂದು ಹಿಡಿದು, ಮೇಲೆ ಬಂದು ರೆಕ್ಕೆ ಒಣಗಿಸಿಕೊಳ್ಳಿ. ಆ ದಡದ ಕಡೆ ಮಾತ್ರ ನೋಡಬೇಡಿ."

ನೋಡುವುದಿಲ್ಲ ಎಂದು ದುಗ್ಗಣ್ಣ ಮಾತು ಕೊಟ್ಟ. ಮಾತು ಕೊಡುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದ, ಪಾಪ.

ಹೊತ್ತು ಮೂಡಿತು, ಪಂದ್ಯ ಶುರುವಾಯಿತು. ದುಗ್ಗಣ್ಣ ಹೆಂಡತಿ ಹೇಳಿದಂತೆಯೇ ಕೊಂಬೆಯ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಹಣ್ಣೊಂದು ಬಿತ್ತು, ನೀರಿನಲ್ಲಿ ಬೆನ್ನೊಂದು ಹೊರಳಿತು. ಸದ್ದಿಲ್ಲದೆ ಜಾರಿ ಮುಳುಗಿದವನು ಕೊಬ್ಬಿದ ಗೆಂಡೆಯೊಂದನ್ನು ಕಚ್ಚಿಕೊಂಡು ಎದ್ದ. ಅಂಥ ಗೆಂಡೆ ಆ ವರ್ಷ ಯಾರಿಗೂ ಸಿಕ್ಕಿರಲಿಲ್ಲ. ಅದನ್ನು ಗುಂಡಿಗೆ ಬಿಟ್ಟು, ಇನ್ನು ರೆಕ್ಕೆ ಒಣಗಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಅವನ ಕತ್ತು ತಾನಾಗಿಯೇ ಎದುರು ದಡದ ಕಡೆ ತಿರುಗಿತು.

ಅಲ್ಲಿ ಬೋರಕ್ಕ ನಾಲ್ಕು ಗೆದ್ದಲುಹುಳುಗಳನ್ನು ನೀರಿನ ಮೇಲೆ ಉದುರಿಸಿ, ಕೋಲು ನೆಟ್ಟಂತೆ ನಿಂತಿದ್ದಳು. ಚಕ್ಕನೆ ಕೊಕ್ಕು ಹಾಕಿದಳು. ಒಂದು ಗೆಂಡೆ ಬಂತು. ಚಿಕ್ಕದೇ. ಆದರೆ ದುಗ್ಗಣ್ಣನ ಕಣ್ಣಿಗೆ ಅದು ಮೊಸಳೆಯಷ್ಟು ಕಂಡಿತು. "ಓಹೋ, ಗುಟ್ಟು ಗೆದ್ದಲಿನಲ್ಲಿದೆ" ಎಂದುಕೊಂಡ.

ತಕ್ಷಣ ಹುತ್ತ ಹುಡುಕಿಕೊಂಡು ಹೋದ. ನೀರುಕಾಗೆಯ ಕೊಕ್ಕು ಹುತ್ತ ಅಗೆಯುವುದಕ್ಕೆ ಆದದ್ದಲ್ಲ. ಬಾಯಿ ತುಂಬ ಮಣ್ಣು ಸಿಕ್ಕಿತು, ಹುಳು ಎರಡೋ ಮೂರೋ. ಅವನ್ನು ತಂದು ನೀರಿಗೆ ಹಾಕಿ, ಬೋರಕ್ಕನ ಹಾಗೆಯೇ ದಡದ ನೀರಿನಲ್ಲಿ ನೆಟ್ಟಗೆ ನಿಂತ. ಗಿಡ್ಡ ಕಾಲು, ಅಗಲ ಪಾದ. ನಿಂತಲ್ಲೇ ಕೆಸರು ಕಲಕಿ ನೀರು ಕೆಂಪಾಯಿತು. ಹಣ್ಣಿಗೆಂದು ಬರುತ್ತಿದ್ದ ಗೆಂಡೆಗಳು ದೂರದಿಂದಲೇ ತಿರುಗಿ ಹೋದವು.

ಈಗಲಾದರೂ ಕೊಂಬೆಗೆ ಹೋಗಿ ಕುಳಿತಿದ್ದರೆ ಆಗುತ್ತಿತ್ತು. ಹೋದ ನಿಜ, ಆದರೆ ಬೋರಕ್ಕ ಕಾಣಿಸುತ್ತಿದ್ದ ಕೊಂಬೆಗೆ ಹೋದ. ಅಲ್ಲಿ ಬಿಸಿಲೇ ಇರಲಿಲ್ಲ. ನೀರುಕಾಗೆಯ ಗರಿ ನೀರು ಹೀರುತ್ತದೆ, ಬಿಸಿಲಿಗೆ ಹಿಡಿಯದಿದ್ದರೆ ಒಣಗುವುದಿಲ್ಲ. ದುಗ್ಗಣ್ಣ ನೆರಳಿನಲ್ಲಿ ರೆಕ್ಕೆ ಹರಡಿಕೊಂಡು, ನಡುಗುತ್ತ, ಬೋರಕ್ಕನ ಗುಂಡಿಯನ್ನೇ ನೋಡುತ್ತ ಕುಳಿತ. ಅವಳು ಇನ್ನೊಂದು ಹಿಡಿದಳು. ಇವನು ಹಲ್ಲಿಲ್ಲದ ಕೊಕ್ಕನ್ನೇ ಕಟಕಟ ಕಡಿದ.

ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಸಿಗಬಾರದು ಎಂಬ ಯೋಚನೆ ಬಂದದ್ದು ಆಗಲೇ. ಅವರವರ ದಡದಲ್ಲಿ ಕೂರಬೇಕು ಎಂದು ಅಜ್ಜಿ ಹೇಳಿದ್ದಾಳೆ, ನೀರಿನ ಒಳಗೆ ಬೇಲಿ ಹಾಕಿದ್ದಾಳೆಯೇ? ಒಳಗಿನಿಂದಲೇ ಈಜಿ ಹೋಗಿ ಜೊಂಡಿನ ಮುಂದೆ ಗದ್ದಲ ಎಬ್ಬಿಸಿದರೆ ಮೀನೆಲ್ಲ ಓಡಿಹೋಗುತ್ತವೆ. ಹೀಗೆ ಲೆಕ್ಕ ಹಾಕಿ ದುಗ್ಗಣ್ಣ ಮುಳುಗಿದ.

ಕೆರೆಯ ನಡುವಿನಿಂದ ಹೋಗಿ, ಜೊಂಡಿನ ಮುಂದಿನ ಆಳದಲ್ಲಿ ರೆಕ್ಕೆ ಬಡಿದು, ಕಾಲು ಜಾಡಿಸಿ, ಸುತ್ತು ಹಾಕಿ ರಂಪ ಮಾಡಿದ. ಗೆಂಡೆಗಳು ದಿಕ್ಕೆಟ್ಟು ಓಡಿದವು. ಆದರೆ ಮಕ್ಕಳೇ, ಆಳದಲ್ಲಿ ಅಟ್ಟಿಸಿದರೆ ಮೀನು ಎಲ್ಲಿಗೆ ಓಡಬೇಕು? ಆಳವಿಲ್ಲದ ನೀರಿಗೆ, ಜೊಂಡಿನ ಬುಡಕ್ಕೆ. ಅಲ್ಲಿ ನಿಂತಿದ್ದದ್ದು ಬೋರಕ್ಕನ ಕಾಲು. ಅವಳು ಒಂದು ಹೆಜ್ಜೆಯನ್ನೂ ಇಡಲಿಲ್ಲ, ಬಗ್ಗಿ ಬಗ್ಗಿ ಎತ್ತಿಕೊಂಡಳು.

ದುಗ್ಗಣ್ಣ ಉಸಿರು ಕಟ್ಟಿ ಮೇಲೆದ್ದಾಗ ಅವಳ ಗುಂಡಿ ತುಂಬಿತ್ತು. ಬೋರಕ್ಕ ಅವನನ್ನು ನೋಡಿದಳು, ಬೈಯಲಿಲ್ಲ. ಎತ್ತರದ ಕತ್ತಿನಿಂದ ಅವಳಿಗೆ ಎದುರು ದಡವೂ ಕಾಣುತ್ತಿತ್ತು.

"ದುಗ್ಗಣ್ಣ, ಇಲ್ಲೇನು ಮಾಡ್ತಿದ್ದೀಯ? ನಿನ್ನ ಅತ್ತಿಮರದ ಕೆಳಗೆ ಕೆಸರು ತಿಳಿಯಾಗಿದೆ. ದೊಡ್ಡ ದೊಡ್ಡ ಗೆಂಡೆ ಬಂದು ಹೊರಳಾಡ್ತಿವೆ. ಹೊತ್ತು ಇನ್ನೂ ಇದೆ, ಬೇಗ ಹೋಗು" ಎಂದಳು.

ಒಳ್ಳೆಯ ಮಾತು. ಆದರೆ ಹೊಟ್ಟೆಕಿಚ್ಚಿನ ಕಿವಿಗೆ ಒಳ್ಳೆಯ ಮಾತು ನೆಟ್ಟಗೆ ಕೇಳಿಸುವುದಿಲ್ಲ. "ನನ್ನನ್ನ ಇಲ್ಲಿಂದ ಸಾಗಹಾಕೋ ಉಪಾಯ ನಂಗೆ ಗೊತ್ತಾಗಲ್ವಾ, ಬೋರಕ್ಕ? ನಾನು ಇಲ್ಲೇ ಇರ್ತೀನಿ" ಎಂದು ಅಲ್ಲಿಯೇ ತೇಲತೊಡಗಿದ.

"ನಿನ್ನ ಇಷ್ಟ" ಎಂದು ಅವಳು ಮತ್ತೆ ನೀರು ನೋಡತೊಡಗಿದಳು. ದುಗ್ಗಣ್ಣ ಅವಳನ್ನು ಕಾಯುತ್ತ ತೇಲಿದ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಸೂರ್ಯ ನೆತ್ತಿಗೆ ಬಂದ, ಪಂದ್ಯ ಮುಗಿಯಿತು.

ಬೋರಕ್ಕನ ಮೀನು ಹೇರಿದಾಗ ಆಮೆಯಜ್ಜಿಯ ಬೆನ್ನು ನೀರಿನೊಳಗೆ ಹೋಯಿತು. ದುಗ್ಗಣ್ಣನ ಒಂದೇ ಗೆಂಡೆ ಹೇರಿದಾಗ ಅಂಚು ಮಾತ್ರ ಒದ್ದೆಯಾಯಿತು. ಜೊಂಡಿನ ಜಾಗ ಸಿಕ್ಕಿದ್ದಕ್ಕೇ ಅವಳು ಗೆದ್ದಳು ಎಂದು ಅವನು ಗೊಣಗಿದ.

ಅಜ್ಜಿ ಕತ್ತು ಹೊರಗೆ ಹಾಕಿದಳು. "ಈಗಷ್ಟೇ ನಿನ್ನ ಅತ್ತಿಮರದ ಕೆಳಗಿಂದಾನೇ ಈಜಿಕೊಂಡು ಬಂದೆ, ಮಗ. ಇಷ್ಟು ವರ್ಷದಲ್ಲಿ ಒಂದೇ ಕಡೆ ಅಷ್ಟು ಗೆಂಡೆ ನಾನು ಕಂಡಿಲ್ಲ. ನನಗೆ ದಾರಿ ಬಿಡದಷ್ಟು ತುಂಬಿದ್ದವು. ಹಿಡಿಯೋರು ಯಾರೂ ಇರಲಿಲ್ಲ" ಎಂದಳು.

ತೂಬಿನ ಮಡು ಬೋರಕ್ಕನದಾಯಿತು. ದುಗ್ಗಣ್ಣ ಒಣಗದ ರೆಕ್ಕೆಯಲ್ಲಿ ಹಾರಲೂ ಆಗದೆ, ದಡದ ಮೇಲೆ ಕುಪ್ಪಳಿಸುತ್ತ, ಕೊಂಬೆಯಿಂದ ಕೊಂಬೆಗೆ ಹತ್ತಿ ಗೂಡು ಸೇರಿದ. ಮಾಳಿ ಮೊಟ್ಟೆಗಳನ್ನು ಇನ್ನಷ್ಟು ಒತ್ತಾಗಿ ಎದೆಯಡಿ ಸೇರಿಸಿಕೊಂಡಳು. ಮುಖ ನೋಡಿಯೇ ಅವಳಿಗೆ ಅರ್ಧ ತಿಳಿದಿತ್ತು.

"ಎಷ್ಟು ಹಿಡಿದ್ರಿ?" ಎಂದು ಕೇಳಿದಳು.

ದುಗ್ಗಣ್ಣ ಶುರು ಮಾಡಿದ. ಬೋರಕ್ಕ ಮೊದಲು ಹಿಡಿದದ್ದು ಯಾವುದು, ಆಮೇಲೆ ಹಿಡಿದದ್ದು ಯಾವುದು, ಯಾವುದಕ್ಕೆ ಬಾಲ ಉದ್ದ, ಯಾವುದಕ್ಕೆ ಹೊಟ್ಟೆ ದಪ್ಪ, ಯಾವುದು ಕೊಕ್ಕಿನಿಂದ ಜಾರಿ ಮತ್ತೆ ಸಿಕ್ಕಿತು, ಒಂದನ್ನೂ ಬಿಡದೆ ಹೇಳಿದ.

ಅವನು ಹೇಳಿ ಮುಗಿಸುವವರೆಗೂ ಮಾಳಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಅವಳದ್ದಲ್ಲ. ನಾನು ಕೇಳಿದ್ದು ನಿಮ್ಮದು."

ನೀತಿ: ಪಕ್ಕದವರ ನೀರನ್ನು ಕಾಯುತ್ತ ಕುಳಿತವನಿಗೆ ತನ್ನ ನೀರಿಗೆ ಬಂದ ಮೀನು ಕಾಣುವುದಿಲ್ಲ.