ಕೂಸು ನಗವಲ್ದು

ಹೂಂ ಅನ್ನೋರು ಹತ್ರ ಬರ್ರಿ. ನಿದ್ದಿ ಬಂದೋರು ತೊಡಿ ಮ್ಯಾಲೆ ಮಲಗ್ರಿ. ಕಥಿ ಇಬ್ಬರಿಗೂ ಐತಿ.

ಒಂದೂರಲ್ಲಿ ಕುರಿ ಕಾಯೋ ಹಾಲಪ್ಪ ಇದ್ದ. ಅವನಿಗೊಂದು ಕೂಸು. ಕೂಸಿನ ಹೆಸರು ಹೊನ್ನಿ. ಅಪ್ಪನ ಮುಖ ಕಂಡರೆ ಸಾಕು, ಹೊನ್ನಿ ಕಿಲಕಿಲ ನಗುತ್ತಿತ್ತು.

ಹಾಲಪ್ಪ ಕುರಿ ಹೊಡೆದುಕೊಂಡು ದೂರ ಹೋದ. ನಾಲ್ಕು ತಿಂಗಳು ಊರೂರು ತಿರುಗಿದ. ಒಂದು ದಿನ ಬೆಳಿಗ್ಗೆ ತಿರುಗಿ ಬಂದ. ಕುರಿಗಳನ್ನು ಊರ ಮುಂದಿನ ಬಯಲಲ್ಲಿ ಬಿಟ್ಟ. ಮನೆಗೆ ಓಡೋಡಿ ಬಂದ.

"ಹೊನ್ನೀ!" ಅಂತ ಎರಡೂ ಕೈ ಚಾಚಿದ.

ಹೊನ್ನಿ ನೋಡಿತು. ಕೆಳತುಟಿ ಮುಂದೆ ಬಂತು. ಅವ್ವನ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು. ಹೋ ಅಂತ ಅತ್ತಿತು.

ಚಾಚಿದ ಕೈ ಹಾಗೇ ಉಳಿಯಿತು. "ನನ್ನ ಮರ್ತುಬಿಡ್ತಲ್ಲ," ಅಂದ ಹಾಲಪ್ಪ.

ಹೆಂಡತಿ ಸಾವಂತ್ರವ್ವ ಅಂದಳು, "ಸಣ್ಣ ಕೂಸು ರೀ. ನಾಕು ತಿಂಗಳಂದ್ರ ಅದಕ್ಕ ಭಾಳ ದಿನ. ಬಡಿಗ್ಯಾರ ಮೌನೇಶಣ್ಣನ ಹತ್ರ ಹೋಗ್ರಿ. ಗಿಲ್ ಗಿಲ್ ಅನ್ನೋ ಗಿಲಕಿ ತರ್ರಿ. ಕೂಸನ್ನೂ ಹೊತ್ಕೊಂಡು ಹೋಗ್ರಿ."

ಹಳೇ ಸೀರೆ ತಂದಳು. ಕೂಸನ್ನು ಅಪ್ಪನ ಬೆನ್ನಿಗೆ ಕಟ್ಟಿದಳು. ಹೊನ್ನಿ ಬೆನ್ನ ಮೇಲೆ, ಹಾಲಪ್ಪ ದಾರಿ ಮೇಲೆ. ಕೂಸು ಅಳುತ್ತಲೇ ಇತ್ತು.

"ಮೌನೇಶಣ್ಣ, ಮೌನೇಶಣ್ಣ, ಗಿಲಕಿ ಕೊಡು. ಕೂಸು ನಗವಲ್ದು."

ಬಡಿಗ ಮೌನೇಶಣ್ಣ ಬೆವರು ಒರೆಸಿಕೊಂಡ. "ಗಿಲಕಿ ಐತಿ. ಆದ್ರ ನನಗ ಬಾಯಾರೇತಿ. ಮೊದಲು ಮಜ್ಜಿಗಿ ತಾ."

ಹೊನ್ನಿ ಬೆನ್ನ ಮೇಲೆ, ಹಾಲಪ್ಪ ದಾರಿ ಮೇಲೆ. ಹೆಜ್ಜೆ ಹೆಜ್ಜೆಗೂ ಅಳು ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು.

"ದ್ಯಾಮಕ್ಕ, ದ್ಯಾಮಕ್ಕ, ಮಜ್ಜಿಗಿ ಕೊಡು. ಮೌನೇಶಣ್ಣ ಗಿಲಕಿ ಕೊಡವಲ್ಲ. ಕೂಸು ನಗವಲ್ದು."

ದ್ಯಾಮಕ್ಕ ಕೊಟ್ಟಿಗೆಯಿಂದಲೇ ಕೂಗಿದಳು. "ಮಜ್ಜಿಗಿ ಐತಿ. ಆದ್ರ ನನ್ನ ಎಮ್ಮಿ ಹಸದು ಒದರಾಕತ್ತೈತಿ. ಮೊದಲು ಹುಲ್ಲು ತಾ."

ಹೊನ್ನಿ ಬೆನ್ನ ಮೇಲೆ, ಹಾಲಪ್ಪ ದಾರಿ ಮೇಲೆ. ಬೆನ್ನಿಗೆ ಏನೋ ಮೆತ್ತಗೆ ತಾಗಿತು. ಏನದು? ಹೊನ್ನಿಯ ಕೆನ್ನೆ! ಹಾಲಪ್ಪ ಮೆಲ್ಲಗೆ ನಡೆದ.

"ಫಕೀರಜ್ಜ, ಫಕೀರಜ್ಜ, ಹುಲ್ಲು ಕೊಡು. ದ್ಯಾಮಕ್ಕ ಮಜ್ಜಿಗಿ ಕೊಡವಲ್ಲಳು. ಮೌನೇಶಣ್ಣ ಗಿಲಕಿ ಕೊಡವಲ್ಲ. ಕೂಸು ನಗವಲ್ದು."

ಫಕೀರಜ್ಜ ಹೊಲದ ಬದುವಿನ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದ. "ಹುಲ್ಲು ಐತಿ. ಆದ್ರ ಗಾಳಿ ಕಿವ್ಯಾಗ ಹೊಕ್ಕು ಬುಸ್ ಅಂತೈತಿ. ಕಿವ್ಯಾಗ ಇಟ್ಕೊಳ್ಳಾಕ ಮೊದಲು ಕುರಿ ಉಣ್ಣೆ ತಾ."

ಹೊನ್ನಿ ಬೆನ್ನ ಮೇಲೆ, ಹಾಲಪ್ಪ ದಾರಿ ಮೇಲೆ. ಪುಟ್ಟ ಕೈಯೊಂದು ಬಂತು. ಹಾಲಪ್ಪನ ಕಿವಿ ಹಿಡಿಯಿತು. ಗಟ್ಟಿಯಾಗಿ ಜಗ್ಗಿತು. ನೋವಾಯಿತು. ಹಾಲಪ್ಪ ಬಿಡಿಸಿಕೊಳ್ಳಲಿಲ್ಲ.

ಬಯಲಿಗೆ ಬಂದ.

"ಕುರಿಯವ್ವ, ಕುರಿಯವ್ವ, ಉಣ್ಣೆ ಕೊಡು. ಫಕೀರಜ್ಜ ಹುಲ್ಲು ಕೊಡವಲ್ಲ. ದ್ಯಾಮಕ್ಕ ಮಜ್ಜಿಗಿ ಕೊಡವಲ್ಲಳು. ಮೌನೇಶಣ್ಣ ಗಿಲಕಿ ಕೊಡವಲ್ಲ. ಕೂಸು ನಗವಲ್ದು."

ಕುರಿ ಅತ್ತ ಓಡಿತು, ಇತ್ತ ಓಡಿತು. "ಮ್ಯಾ! ಉಣ್ಣೆ ಎಷ್ಟು ಬೇಕಾದ್ರೂ ತಗೋ. ಆದ್ರ ನನ್ನ ಮರಿ ಕಾಣವಲ್ದು. ಮೊದಲು ನನ್ನ ಮರಿ ತಾ."

ಹಾಲಪ್ಪ ಕುರಿಯ ತಲೆ ಸವರಿದ. "ನಿನ್ನ ಸಂಕಟ ನನಗ ತಿಳೀತೈತಿ, ಕುರಿಯವ್ವ. ಹುಡುಕ್ತೀನಿ."

"ಬಾ ಬಾ ಬಾ!" ಅಂತ ಕರೆದ. ಕಲ್ಲುಗುಡ್ಡೆ ಹಿಂದೆ ನೋಡಿದ. ಮರಿ ಇಲ್ಲ.

"ಬಾ ಬಾ ಬಾ!" ಅಂತ ಕರೆದ. ಹಳ್ಳದ ದಂಡೆಯಲ್ಲಿ ನೋಡಿದ. ಮರಿ ಇಲ್ಲ.

"ಬ್ಬಾ," ಅಂತು ಯಾರೋ.

ಹಾಲಪ್ಪ ನಿಂತ. ಯಾರು ಅಂದದ್ದು?

"ಬಾ ಬಾ," ಅಂದ ಹಾಲಪ್ಪ.

"ಬ್ಬಾ ಬ್ಬಾ," ಅಂತು ಬೆನ್ನ ಮೇಲಿನ ಹೊನ್ನಿ.

ಹಾಲಪ್ಪ ಅಂದ. ಹೊನ್ನಿ ಅಂತು. ಮತ್ತೆ ಹಾಲಪ್ಪ ಅಂದ. ಮತ್ತೆ ಹೊನ್ನಿ ಅಂತು. ಹೀಗೇ ಮಾತಾಡುತ್ತಾ ಇಬ್ಬರೂ ನಡೆದರು.

ಒಮ್ಮೆಗೇ ಹೊನ್ನಿ ಸುಮ್ಮನಾಯಿತು. ಕೈ ಎತ್ತಿ ತೋರಿಸಿತು. ಕೂಸು ನೋಡಿದ ಕಡೆ ಅಪ್ಪನೂ ನೋಡಿದ. ಅಲ್ಲಿ ಏನಿತ್ತು? ಮುಳ್ಳಿನ ಬೇಲಿ. ಬೇಲಿಯಲ್ಲಿ ಏನಿತ್ತು? ಅಲ್ಲಾಡೋ ಪುಟ್ಟ ಬಾಲ!

ಹಾಲಪ್ಪ ಒಂದೊಂದೇ ಮುಳ್ಳು ಬಿಡಿಸಿದ. ಮರಿ ಹಾರಿ ಓಡಿತು. ಬಯಲಲ್ಲಿ ನೂರು ಕುರಿ ಇದ್ದವು. ಮರಿ ಯಾರ ಹತ್ತಿರವೂ ನಿಲ್ಲಲಿಲ್ಲ. ತನ್ನವ್ವನ ಹತ್ತಿರವೇ ಹೋಯಿತು. ಕುರಿಯವ್ವ ಮರಿಯನ್ನು ಮೂಸಿ ನೋಡಿದಳು. ಸುಮ್ಮನೆ ನಿಂತು ಹಾಲು ಕುಡಿಸಿದಳು.

ಮರಿ ಸಿಕ್ಕಿತು, ಕುರಿಯವ್ವ ಉಣ್ಣೆ ಕೊಟ್ಟಳು.

ಉಣ್ಣೆ ಸಿಕ್ಕಿತು, ಫಕೀರಜ್ಜ ಹುಲ್ಲು ಕೊಟ್ಟ.

ಹುಲ್ಲು ಸಿಕ್ಕಿತು, ದ್ಯಾಮಕ್ಕ ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಸಿಕ್ಕಿತು, ಮೌನೇಶಣ್ಣ ಗಟಗಟ ಕುಡಿದ. ಮೀಸೆ ಒರೆಸಿಕೊಂಡ. ಗಿಲಕಿ ಕೊಟ್ಟ.

ಹಾಲಪ್ಪ ಮನೆಗೆ ಬಂದ. ಸಾವಂತ್ರವ್ವ ಸೀರೆ ಬಿಚ್ಚಿದಳು. ಕೂಸನ್ನು ಅಪ್ಪನ ತೊಡೆಯ ಮೇಲೆ ಕೂರಿಸಿದಳು. ಹಾಲಪ್ಪ ಗಿಲಕಿ ಕೈಗೆ ತೆಗೆದುಕೊಂಡ. ಈಗಲೂ ಅತ್ತರೆ?

ಗಿಲಕಿ ಆಡಿಸಿದ. ಗಿಲ್ ಗಿಲ್! ಗಿಲ್ ಗಿಲ್!

ಹೊನ್ನಿ ಗಿಲಕಿ ನೋಡಲೇ ಇಲ್ಲ. ಅಪ್ಪನ ಮುಖ ನೋಡಿತು. ಅಪ್ಪನೂ ಕೂಸಿನ ಮುಖ ನೋಡಿದ. ಹೊನ್ನಿ ಅಪ್ಪನ ಮೂಗು ಮುಟ್ಟಿತು. ಗಲ್ಲ ಮುಟ್ಟಿತು.

"ಬಾ ಬಾ," ಅಂದ ಅಪ್ಪ, ಮೆಲ್ಲಗೆ.

"ಬ್ಬಾ!" ಅಂತು ಹೊನ್ನಿ. ಕಿಲಕಿಲ ನಕ್ಕಿತು.

"ಸಾವಂತ್ರೀ! ಕೂಸು ನಕ್ತು!" ಅಂದ ಹಾಲಪ್ಪ. ಅವನೂ ನಕ್ಕ. ಕಣ್ಣು ಒರೆಸಿಕೊಂಡ.

ಆಮೇಲೆ ಹೊನ್ನಿಗೆ ಹಸಿವಾಯಿತು. ಅವ್ವನ ತೊಡೆಗೆ ಹೋಯಿತು. ಹಾಲು ಕುಡಿಯಿತು. ಕುಡಿಯುತ್ತಾ ಒಮ್ಮೆ ತಿರುಗಿ ನೋಡಿತು.

ಅಪ್ಪ ಅಲ್ಲೇ ಇದ್ದ.

ಮತ್ತೆ ಕುಡಿಯಿತು. ಮತ್ತೆ ತಿರುಗಿ ನೋಡಿತು.

ಅಪ್ಪ ಅಲ್ಲೇ ಇದ್ದ.