ಹೊಸ ಗುರುತಿನ ಅವ್ವ

ಕೊಳ್ಳೇಗಾಲದ ಪೇಟೆಯಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಪುಟ್ಟಮಾದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಕಷ್ಟ. ಯಾವ ಕೆಲಸದಲ್ಲೂ ನಿಲ್ಲಲಿಲ್ಲ.

ಅವ್ವ ಮಾದಪ್ಪನ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. "ಮಾದಪ್ಪ, ಇವನು ಒಂದು ಕೆಲಸದಲ್ಲಿ ನಿಂತರೆ ನನ್ನ ತಲೆಗೂದಲು ನಿನಗೆ."

ಲಗ್ನಪತ್ರಿಕೆ ಅಚ್ಚು ಹಾಕುವ ಕೆಂಪರಾಜಪ್ಪ ಅವನನ್ನು ಸೇರಿಸಿಕೊಂಡರು. ಅಲ್ಲಿ ಒಂದೊಂದು ಪತ್ರಿಕೆಯನ್ನೂ ಜನ ಹತ್ತು ಸಲ ತಿದ್ದಿಸುತ್ತಾರೆ. ಯಾವುದು ಯಾವುದೆಂದು ತಿಳಿಯಲು ಕಂಪ್ಯೂಟರು ಫೈಲಿನ ಅಕ್ಷರವನ್ನೆಲ್ಲ ಅರೆದು ಒಂದು ಗುರುತು ಕೊಡುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ಒಳಗಿನ ಅಕ್ಷರ ಒಂದೇ ಆದರೆ ಗುರುತೂ ಒಂದೇ.

"ಎಲ್ಲ ಫೈಲಿಗೂ ಗುರುತು ತೆಗಿ," ಅಂದರು.

ಮಾದ ಫೈಲಿನ ಹೆಸರಿಗೆ ಗುರುತು ತೆಗೆದ. ಎರಡು ಮನೆಯವರ ಫೈಲಿಗೂ 'ಕೊನೆಯದು' ಅಂತ ಹೆಸರು. ಗುರುತು ಒಂದೇ ಬಂತು. ಎರಡೂ ಒಂದೇ ಅಂದುಕೊಂಡು ಈ ಮನೆಯವರಿಗೆ ಆ ಮನೆಯ ಪತ್ರಿಕೆ ಅಚ್ಚು ಹಾಕಿ ಕೊಟ್ಟ.

"ಹೆಸರು ನೋಡ್ತಾರೇನೋ ದಡ್ಡ? ಹೆಸರು ಬಿಡು. ಒಳಗಿರೋದು ನೋಡು."

"ಆಗಲಿ ಯಜಮಾನ್ರೇ. ಒಳಗಿರೋದು ನೋಡ್ತೀನಿ."

ಸಂಜೆ ಅವ್ವ ಮೊಟ್ಟೆ ತರಲು ಕಳಿಸಿದಳು. ಮಾದ ಅಂಗಡಿಯಲ್ಲಿ ಒಂದು ಒಡೆದು ನೋಡಿದ. ಇನ್ನೊಂದು ಒಡೆದು ನೋಡಿದ. ಬುಟ್ಟಿ ಮುಗಿಯಿತು. ಅಂಗಡಿಯವನು ಅವನನ್ನು ಮನೆತನಕ ಎಳೆದುಕೊಂಡು ಬಂದ.

"ಯಾಕ್ಲಾ ಒಡೆದೆ?" ಅಂದಳು ಅವ್ವ.

"ಒಳಗಿರೋದು ನೋಡ್ದೆ ಕಣವ್ವ."

"ಏನಿತ್ತು?"

"ಎಲ್ಲಾದ್ರಲ್ಲೂ ಮೊಟ್ಟೇನೇ."

ಅವ್ವ ಹಣೆ ಚಚ್ಚಿಕೊಂಡಳು. "ಎಲ್ಲಾ ಒಂದೇ ಆದ್ಮೇಲೆ ಒಂದು ಸಾಲ್ದೇನ್ಲಾ? ಮಿಕ್ಕಿದ್ದು ನಿನಗ್ಯಾಕೆ?"

"ಆಗಲಿ ಕಣವ್ವ. ಒಂದು ಸಾಕು."

ಮಾರನೇ ದಿನ ಒಂದು ಮದುವೆಯ ಪತ್ರಿಕೆ ಅಚ್ಚಾಗಿ ರಾಶಿ ಬಿದ್ದಿತ್ತು. ಮಾದ ನೋಡಿದ. ಇದೂ ಅದೇ. ಅದೂ ಇದೇ. ಒಂದನ್ನು ಇಟ್ಟುಕೊಂಡ. ಮಿಕ್ಕಿದ್ದನ್ನು ಕಡಲೆಕಾಯಿ ಮಾರುವವಳಿಗೆ ಕೊಟ್ಟ. ಕಡಲೆಕಾಯಿ ತಿಂದವರೆಲ್ಲ ಪೊಟ್ಟಣ ಬಿಚ್ಚಿ ಓದಿ ಮದುವೆ ಊಟಕ್ಕೆ ಬಂದರು. ಬೀಗರಿಗೇ ಎಲೆ ಸಿಗಲಿಲ್ಲ.

ಕೆಂಪರಾಜಪ್ಪ ಬಾಗಿಲು ತೋರಿಸಿದರು. ಅವ್ವ ಓಡಿ ಬಂದು ಕಾಲು ಹಿಡಿದಳು.

"ಇನ್ನೊಂದ್ಸಲ ನೋಡಿ ಸ್ವಾಮಿ."

"ಇದೇ ಕೊನೆ ಕಣಮ್ಮ." ಮಾದನ ಕಡೆ ತಿರುಗಿದರು. "ಕೇಳು. ಹಳೇದನ್ನ ಎಂದೂ ಬಿಸಾಕಬೇಡ. ಒಂದು ಚುಕ್ಕೆ ಬದಲಾದ್ರೂ ಅದು ಬೇರೆ. ಹೊಸ ಗುರುತು ಕೊಡು. ಹಳೇದರ ಪಕ್ಕದಲ್ಲೇ ಹೊಸದನ್ನ ಇಡು."

"ಆಗಲಿ ಯಜಮಾನ್ರೇ."

ಈ ಸಲ ಸರಿಹೋಯಿತು. ಅದು ಹೇಳಿದ ಹಾಗೇ ಮಾಡಬೇಕಾದ ಕೆಲಸ. ಚುಕ್ಕೆ ತಪ್ಪಿದರೂ ಮಾದ ಬಿಡಲಿಲ್ಲ. ಹಳೆಯದೂ ಉಳಿಯಿತು, ಹೊಸದೂ ಉಳಿಯಿತು. ಕೆಂಪರಾಜಪ್ಪ ಸಂಬಳ ಕೊಟ್ಟು, "ನಾಳೆಯೂ ಬಾ," ಅಂದರು.

ಅವ್ವ ಬೆಟ್ಟಕ್ಕೆ ಹೋದಳು. ತಲೆ ಬೋಳಿಸಿಕೊಂಡು ಹರಕೆ ತೀರಿಸಿದಳು. ಸಂಜೆಗೆ ಬಂದು ಬಾಗಿಲು ತಟ್ಟಿದಳು.

"ಯಾರು?"

"ನಿಮ್ಮವ್ವ ಕಣ್ಲಾ."

ಮಾದ ಬಾಗಿಲು ತೆರೆದ. ಮೇಲಿಂದ ಕೆಳಗೆ ನೋಡಿದ.

"ಹೆಸರು ಅವ್ವಂದೇ. ಹೆಸರು ನೋಡಬಾರದು."

"ಒಳಗೆ ಬಿಡ್ಲಾ. ಹಸಿವು."

"ಬದಲಾಗಿದ್ದೀಯ. ನೀನು ಬೇರೆ." ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದ. ಸೀಮೆಸುಣ್ಣ ತಂದು ಅವಳ ಹಿಂದಿನ ಗೋಡೆಗೆ ಹೊಸ ಗುರುತು ಬರೆದ. "ಹಳೇ ಅವ್ವನ ಪಕ್ಕದಲ್ಲೇ ನಿನ್ನನ್ನ ಇಡಬೇಕು. ಹಳೇ ಅವ್ವ ಎಲ್ಲಿ?"

"ನಾನೇ ಕಣೋ ಮುಂಡೇದೇ. ಕೂದಲು ಬೆಟ್ಟದಲ್ಲಿ ಅದೆ."

"ಬಿಸಾಕಿ ಬಂದ್ಯಾ?"

ಮಾದ ಮನೆಗೆ ಬೀಗ ಹಾಕಿ ಬೆಟ್ಟದ ಬಸ್ಸು ಹತ್ತಿದ.

ಅಲ್ಲಿ ಮುಡಿ ತೆಗೆಯುವ ಕಡೆ ಕೂದಲ ರಾಶಿಯ ಮುಂದೆ ನಿಂತು ಕರೆಯುತ್ತಿದ್ದನಂತೆ: "ಅವ್ವಾ, ಎದ್ದು ಬಾ. ಮನೇಗೆ ಹೊಸಬಳು ಬಂದವ್ಳೆ. ಹಸಿವಂತೆ."