ನೆತ್ತಿ ಹಂಪವ್ವನ ಕರೀ ಕ್ಯಾಸೆಟ್ಟು

ಹಿಂದಕ, ಭಾಳ ಹಿಂದಕ, ಹಾಡು ಅನ್ನೂದು ಕಂದು ಬಣ್ಣದ ರೀಲಿನಾಗ ಸುತ್ತಿಕೊಂಡು ಮಲಗಿರ್ತಿದ್ದ ಕಾಲದಾಗ, ಒಂದೂರಾಗ ಹಂಪವ್ವ ಅಂತ ಒಬ್ಬಾಕಿ ಇದ್ದಳಂತ. ಆ ಮೂಲ್ಯಾಗ ಕುಂತಾಕಿ, ತಂಗೀ, ನೀನೂ ಈಚೆ ಸರಿ, ಅಲ್ಲಿಗೆ ನನ್ನ ದನಿ ಮುಟ್ಟೂದಿಲ್ಲ. ಯಾವೂರು ಅಂತ ಮಾತ್ರ ಕೇಳಬ್ಯಾಡ್ರಿ. ಹೇಳಿದ್ನಿ ಅಂದ್ರ ನಿಮ್ಮಾಗ ಅರ್ಧ ಮಂದಿ ನಾಳೆನ ಬಸ್ ಹತ್ತಿ ಹೊಂಟ್ ಬಿಡ್ತೀರಿ. ಎರಿ ಹೊಲದ ನಡುವ, ಮಣ್ಣಿನ ಮಾಳಿಗಿ ಮನಿಗಳ ನೇಕಾರರ ಊರು, ಅಷ್ಟ ತಿಳಕೊಳ್ರಿ. ಮನಿಗೊಂದು ಮಗ್ಗ, ಮಗ್ಗಕ್ಕೊಂದು ಕುಣಿ. ನೇಯಾವರು ಆ ಕುಣಿಯಾಗ ಕಾಲು ಇಳಿಬಿಟ್ಟು ಕುಂತ್ರ ಮುಂಜಾನಿಂದ ಸಂಜಿತನ ಖಟ್-ಖಟ್, ಖಟ್-ಖಟ್. ಆ ಊರಿನ ಕೂಸುಗಳು ಅಳೂದೂ ಅದ ತಾಳಕ್ಕ ಅಂತಾರ.

ಹಂಪವ್ವ ಗಂಡನ್ನ ಕಳಕೊಂಡಾಕಿ, ಒಂಟಿ ಜೀವ. ಆದ್ರ ಆಕಿ ಕೈಯಾಗ ಒಂದು ಗುಣ ಇತ್ತು. ಹರಳೆಣ್ಣಿ ಬೆಚ್ಚಗ ಮಾಡಿ, ಗರಗದ ಸೊಪ್ಪಿನ ರಸ ಹಿಂಡಿ, ನೆತ್ತಿ ಮ್ಯಾಲೆ ಹಾಕಿ ಅಂಗೈಲೆ ತಟ್ಟಾಕ ಹತ್ತಿದಳು ಅಂದ್ರ ಎಂಥಾ ತಲಿನೂ ಹಗುರಾಗ್ತಿತ್ತಂತ. ನಿದ್ದಿ ಬರದವರು ಬರತಿದ್ರು. ಸುಮ್ಮಸುಮ್ಮನ ಎದಿ ಡವಡವ ಅನ್ನಾವರು ಬರತಿದ್ರು. ಗಾಳಿ ಬಡದೈತಿ ಅಂತ ಅತ್ತಿ ಮನಿಯವರು ಮೂಲಿಗೆ ಕುಂದ್ರಿಸಿದ ಸೊಸಿಗಳೂ ಬರತಿದ್ರು. "ಗಾಳಿನೂ ಇಲ್ಲ, ಗುಳಿನೂ ಇಲ್ಲ, ಮನಸ್ಸಿಗೆ ದಣಿವಾಗೈತಿ, ಕುಂಡ್ರು ಯವ್ವಾ" ಅನ್ನಾಕಿ. ಅದಕ್ಕ ಆಕಿಗೆ ನೆತ್ತಿ ಹಂಪವ್ವ ಅಂತನ ಹೆಸರು.

ನೆತ್ತಿಗೆ ಎಣ್ಣಿ ಇಳದಂಗ ಬಾಯಿಂದ ಮಾತು ಇಳೀತಾವ, ನಿಮಗೂ ಗೊತ್ತಲ್ಲ. ಅತ್ತಿ ಉಪ್ಪಿನ ಗಡಿಗಿಗೂ ಕೀಲಿ ಹಾಕ್ತಾಳ ಅಂತ ಒಬ್ಬಾಕಿ. ಗಂಡ ಕನಸಿನಾಗ ನನ್ನ ಹೆಸರು ಬಿಟ್ಟು ಎಮ್ಮಿ ಹೆಸರು ಕರೀತಾನ ಅಂತ ಇನ್ನೊಬ್ಬಾಕಿ. ಹಂಪವ್ವ "ಹೂಂ ಯವ್ವಾ, ಹೂಂ" ಅಷ್ಟ ಅನ್ನಾಕಿ. ಒಬ್ಬರ ಮಾತು ಇನ್ನೊಬ್ಬರ ಮುಂದ ಆಡಿದಾಕಿ ಅಲ್ಲ. ಆದ್ರ ಅಷ್ಟೂ ಮಂದಿ ದುಃಖ ಹೊಟ್ಟ್ಯಾಗ ಇಟಗೊಂಡು ಬದುಕೂದು ಹ್ಯಾಂಗ ಹೇಳ್ರಿ? ಆಕಿಗೂ ನಿದ್ದಿ ಬರಬೇಕಲ್ಲ! ಅದಕ್ಕ ಮಂದಿ ಎದ್ದು ಹೋದ ಮ್ಯಾಲೆ ಆಕಿ ಆ ದುಃಖಕ್ಕ ಒಂದು ಧಾಟಿ ಹಚ್ಚತಿದ್ದಳಂತ. ಹೆಸರು ತಗದು, ಅಳು ತಗದು, ನಗಿ ಹಚ್ಚಿ ಹಾಡು ಕಟ್ಟತಿದ್ದಳಂತ. ಸ್ವಲ್ಪ ಪೋಲಿ ಹಾಡೂ ಇದ್ದೂ, ನಾ ಯಾಕ ಸುಳ್ಳು ಹೇಳಲಿ. ಕೇಳಿದ್ರ ಮುದುಕ್ಯಾರು ಸೆರಗು ಬಾಯಾಗ ತುರುಕಬೇಕು, ಹಂತಾವು.

ಊರೂರು ತಿರುಗಿ ರೇಡಿಯೋ ರಿಪೇರಿ ಮಾಡೋ ಮೌಲಾಸಾಬ ಅಂತ ಒಬ್ಬಾಂವ ಇದ್ದ. ತಲಿ ಶೂಲಿ ಅಂತ ಆಕಿ ಕಡೆ ಬಂದಾಂವ, ಒಳಗ ಆಕಿ ಗುನುಗೂದು ಕೇಳಿ ಹೊಸ್ತಿಲದಾಗ ಬಿದ್ದು ಬಿದ್ದು ನಕ್ಕ. ಎಣ್ಣಿ ಹಚ್ಚೂದರೊಳಗ ಶೂಲಿ ಹೋಗಿತ್ತು. ಇದನ್ನ ಟೇಪ್ ಮಾಡಬೇಕವ್ವಾ, ಇದು ಔಷಧ, ಅಂತ ಗಂಟು ಬಿದ್ದ. ನನ್ನ ಹೆಸರು ಎಲ್ಲೂ ಬರಬಾರದು ಅಂತ ಆಕಿ ಆಣಿ ಮಾಡಿಸಿಕೊಂಡಳು. ಆಕಿ ಗಂಡನ ಮಗ್ಗದ ಕುಣಿ ಖಾಲಿ ಬಿದ್ದಿತ್ತು. ಅದರಾಗ ಆಕಿ ಇಳದು ಕುಂತಳು, ಮ್ಯಾಲೆ ಕೌದಿ ಹೊಚ್ಚಿದ್ರು, ಕೌದಿ ಒಳಗ ಟೇಪ್‌ರೆಕಾರ್ಡರ್ ಇಟ್ರು. ಊರಿನ ಮಗ್ಗದ ಸಪ್ಪಳದಾಗ ಆಕಿ ದನಿ ಯಾರಿಗೂ ಕೇಳಲಿಲ್ಲ. ಆದ್ರ ಆ ಹಾಡಿನ ಹಿಂದ ಖಟ್-ಖಟ್ ಅನ್ನೋದು ಕಡಿತನ ಉಳಕೊಂತು ಅಂತಾರ.

ಚೀಟಿ ಇಲ್ಲ, ಚಿತ್ರ ಇಲ್ಲ, ಬರೇ ಕರೀ ಡಬ್ಬಿ. ಮಂದಿ ಅದಕ್ಕ ಕರೀ ಕ್ಯಾಸೆಟ್ಟು ಅಂದ್ರು. ಅಂಗಡ್ಯಾಗ ಸಿಗತಿರಲಿಲ್ಲ, ಆದ್ರ ಇಲ್ಲದ ಮನಿನೂ ಇರಲಿಲ್ಲ! ಜೋಳದ ಚೀಲದಾಗ ಹೋತು. ಸೀರಿ ಗಂಟಿನಾಗ ಹೋತು. ಗಂಡನ ಮನಿಗೆ ಹೊಂಟ ಮಗಳಿಗೆ ತಾಯಿ ಖಾರಪುಡಿ ಡಬ್ಬಿ ಕೆಳಗ ಇಟ್ಟು ಕಳಸಿದಳು. ಒಂದರಿಂದ ಒಂದಕ್ಕ ಇಳಿಸಿ ಇಳಿಸಿ ದನಿ ಕೊಡದಾಗ ಗುಂಯ್ ಅನ್ನೋ ಗುಂಗಾಡಿ ಹುಳದಂಗ ಆದ್ರೂ ಬಿಡಲಿಲ್ಲ. ರೀಲು ಸಿಕ್ಕು ಬಿದ್ರ ಪೆನ್ಸಿಲ್ ತೂರಿಸಿ ತಿರುವೂದು, ಹರದ್ರ ಉಗುರಬಣ್ಣ ಹಚ್ಚಿ ಅಂಟಸೂದು. ಗಂಡಸರು ಇದ್ದಾಗ ಭಜನಿ, ಹೊರಗ ಹೋದಕೂಡ್ಲೆ ಬಾಗಲಾ ಹಾಕಿ ಕರೀ ಕ್ಯಾಸೆಟ್ಟು. ಗಂಡಸರು ಕೇಳಲಿಲ್ಲ ಅಂತಲ್ಲ ಮತ್ತ, ಅವರು ಹೊಲದಾಗ ಕೇಳತಿದ್ರು. ಹಾಡಿದಾಕಿ ನಾಟಕ ಕಂಪನಿಯಾಕಿ ಅಂತ ಕೆಲವರು. ಹೆಣ್ಣ ದನಿ ತಗಿಯೋ ಗಂಡಸು ಅಂತ ಕೆಲವರು. "ಯಾರರೆ ಇರಲಿ, ಆಕಿ ಹೊಟ್ಟಿ ತಣ್ಣಗಿರಲಿ" ಅಂತ ಹೆಣ್ಮಕ್ಕಳು ಹಂಪವ್ವನ ಮುಂದನ ಕುಂತು ಹರಸತಿದ್ರು. ಹಂಪವ್ವ "ಹೂಂ ಯವ್ವಾ" ಅಂತ ನೆತ್ತಿ ತಟ್ಟತಿದ್ದಳು.

ಆ ಊರಿಗೆ ಅಡಿವೆಪ್ಪಗೌಡ ಅಂತ ಗೌಡ. ಬಾಗಲದಾಗ ಬಗ್ಗಿ ಬರೋ ಆಳು, ಇಷ್ಟಿಷ್ಟುದ್ದ ಮೀಸಿ. ಬಿರುಸು ಖರೇ, ಆದ್ರ ನ್ಯಾಯದಾಗ ಒಂದು ಕೂದಲ ಆಕಡೆ ಈಕಡೆ ಮಾಡಿದಾಂವಲ್ಲ. ಆತ ನಕ್ಕಿದ್ದನ್ನ ಮಾತ್ರ ಯಾರೂ ಕಂಡಿರಲಿಲ್ಲ. ಆತನ ಪಾಲಿನ ನಗಿನೂ ಸೇರಿಸಿ ನಕ್ಕಾಕಿ ಆತನ ಹೆಂಡ್ತಿ ನೀಲಗಂಗವ್ವ. ಒಂದಿನ ಎಣ್ಣಿ ಹಚ್ಚಿಸಿಕೊಂಡು ಕುಂತಾಗ ಆಕಿ ನಗು ತಡೀಲಾರದ ಹೇಳಿಬಿಟ್ಟಳು. ಊರೆಲ್ಲಾ ನಡುಗಸೋ ಗಂಡ ಹಲ್ಲಿ ಕಂಡ್ರ ಮಂಚ ಹತ್ತತಾನಂತ. ಈಕಿ ಕಸಬರಗಿ ತಗೊಂಡು ಓಡಿಸೂತನ ಇಳಿಯೂದಿಲ್ಲಂತ. ಮುಂದಿನ ಕ್ಯಾಸೆಟ್ಟಿನಾಗ ಅದ ಹಾಡು ಬಂತು:

ಹುಲಿಯಂಥ ಮೀಸಿ, ಗುಡುಗಿನಂಥ ಮಾತ,
ಹಲ್ಲಿ ಲೊಚ್ಚಂದ್ರ ನನ್ನ ಗಂಡ ಮಂಚ ಹತ್ತಿ ನಿಂತ.
ಇಳಿಯೋ ನನ್ನ ದೊರಿಯೇ, ಹೋತದು ಸಂದ್ಯಾಗ,
ನಾನಿರೂತನಾ ಯಾಕ ಅಂಜಿಕಿ ನಿನಗ?

ಅಬಾಬಾ, ಆ ಹಾಡು ಓಡಿದ್ದೇನು! ಯಾರ ಗಂಡ ಅಂತ ಯಾರಿಗೂ ಗೊತ್ತಿಲ್ಲ, ಎಲ್ಲಾರ ಗಂಡಂದಿರ ಮ್ಯಾಲೂ ಗುಮಾನಿ.

ಆಮ್ಯಾಲೆ ಆಗಬಾರದ್ದು ಆತು. ಗೌಡನ ಮನ್ಯಾಗ ತಮ್ಮನ ಮಗಳ ಮದವಿ. ಬೀಗರು ಹಂದರದಾಗ ಕಾಲಿಡೂದಕ್ಕ, ಮೈಕಿನಾಂವ ಭಜನಿ ಕ್ಯಾಸೆಟ್ಟು ಅಂತ ತಿಳದು ಕರೀದನ್ನ ಹಾಕಿಬಿಟ್ಟ. ಹಲ್ಲಿ ಹಾಡು ಇಡೀ ಊರಿಗೆ ಕೇಳೂವಂಗ ಹೊಂಟಿತು. ಬೀಗರು ನಕ್ರು, ಭಟ್ಟರು ನಕ್ರು, ನೀಲಗಂಗವ್ವ ಅಂತೂ ಹಂದರದ ಕಂಬ ಹಿಡಕೊಂಡು ನಕ್ಕಳು. ಗೌಡನ ಮಾರಿ ಕೆಂಪಗ ಆತು. ಮರುದಿನ ಮನಿಮನಿ ಕ್ಯಾಸೆಟ್ಟು ತರಿಸಿ, ರೀಲು ಕಿತ್ತಿಸಿ, ಊರ ಹೊರಗ ಸುಡಿಸಿದ. ಹಾಡಿದಾಕಿ ಯಾರು ಅಂತ ಗೊತ್ತಾದ ದಿನನ ಆಕಿಗೆ ಈ ಊರ ನೀರು ಮುಗೀತು ಅಂತ ಕಟ್ಟಿ ಮ್ಯಾಲೆ ನಿಂತು ಹೇಳಿದ. ಉರೀಗೆ ತಪ್ಪಿಸಿಕೊಂಡ ರೀಲು ಜಾಲಿಕಂಟಿ ಮ್ಯಾಲೆ ಎಷ್ಟೋ ದಿನ ಮಿಂಚಕೊಂತ ಹಾರಾಡತಿತ್ತು. ಗೀಜಗ ಹಕ್ಕಿ ಅದನ್ನ ಒಯ್ದು ಗೂಡಿಗೆ ಹೆಣಕೊಂತು ಅಂತಾರ. ಒಂದು ಹಲ್ಲಿಗೆ ಗೌಡ ಇಷ್ಟ್ಯಾಕ ಸಿಟ್ಟಾದ ಅಂತ ಊರಿಗೆ ತಿಳೀಲಿಲ್ಲ. ತಿಳದವರು ಇಬ್ಬರ.

ಮುಂದಿನ ಮಳಿಗಾಲದಾಗ ನೀಲಗಂಗವ್ವಗ ಜ್ವರ ಹತ್ತಿತು, ಇಳೀಲಿಲ್ಲ. ಹಂಪವ್ವ ತಲಿ ಹತ್ರ ಕುಂತು ನೆತ್ತಿ ತಟ್ಟತಿದ್ದಳು. ಆಗ ಆಕಿ ಸಣ್ಣ ದನಿಲೆ ಅಂದಳಂತ: "ಹಂಪಿ, ಹಲ್ಲಿ ಸುದ್ದಿ ನಾ ಹೇಳಿದ್ದು ನಿನಗೊಬ್ಬಾಕಿಗೆ. ಮದವಿ ದಿನನ ನನಗ ನಿನ್ನ ದನಿ ಗೊತ್ತಾತು. ನಾ ಹೋದ ಮ್ಯಾಲೆ ಅಂವ ಬಾಯಿಗೆ ಕೀಲಿ ಹಾಕ್ಕೊಂಡು ಕುಂದರತಾನ. ಆಗ ನನ್ನ ಹಾಡು ಕೇಳಸು." ಹಂಪವ್ವನ ಕೈ ನಿಂತಬಿಟ್ಟಿತು. ಹೂಂ ಅಂತ ತಲಿ ಹಾಕಿದಳು. ನೀಲಗಂಗವ್ವ ಹೋದಳು.

ಆಕಿ ಹೇಳಿದಂಗ ಆತು. ಗೌಡ ಪಡಸಾಲಿ ಗಾದಿ ಮ್ಯಾಲೆ ಕುಂತಾಂವ ಏಳಲಿಲ್ಲ, ಅಳಲಿಲ್ಲ, ಮಾತಾಡಲಿಲ್ಲ. ತುತ್ತು ಬಾಯಿಗಿಟ್ರ ಬಾಯಾಗ ಹಂಗ ಉಳೀತಿತ್ತು. ಡಾಕ್ಟರ್ ಬಂದು ನೋಡಿದ್ರು, ಮೈಯಾಗ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಾರ, ಹಿಂಗ ಉಣದಿದ್ರ ಉಳಿಯೂದು ಕಷ್ಟ ಅಂದ್ರು. ಸ್ವಾಮಿಗೋಳು ಬೂದಿ ಹಚ್ಚಿದ್ರು. ಹಂಪವ್ವ ದಿನಾ ಬಂದು ಎಣ್ಣಿ ತಟ್ಟಿದಳು. ಎಂಥೆಂಥಾ ತಲಿ ಕರಗಿಸಿದ ಕೈ, ಆದ್ರ ಆ ತಲಿ ಬೀಸೂಕಲ್ಲಿನಂಗ ತಣ್ಣಗ ಕುಂತಿತ್ತು.

ಆಕಿ ಮೊದಲು ಕ್ಯಾಸೆಟ್ಟು ಹುಡುಕಿದಳು. ಹಾಡು ಕೇಳಸಬೇಕು, ತಾನೂ ಉಳೀಬೇಕು, ಪಾಪ, ಎರಡೂ ಬೇಕಾಗಿತ್ತು ಆಕಿಗೆ. ಮೌಲಾಸಾಬ ತಲಿ ಮ್ಯಾಲೆ ಕೈ ಹೊತ್ತು, ಗೌಡರಿಗೆ ಅಂಜಿ ಇದ್ದಬಿದ್ದದ್ದೆಲ್ಲಾ ನಾನ ಸುಟ್ಟೆನವ್ವಾ ಅಂದ. ಗೀಜಗನ ಗೂಡಿನಾಗಿನ ರೀಲಿನಾಗ ಹಾಡು ಹುಡುಕಾಕ ಆಗ್ತೈತೇನು? ಉಳದದ್ದು ಆಕಿ ಗಂಟಲ ಒಂದ.

ಹಾಡಿದ್ರ ಊರು ಬಿಡಬೇಕು. ಗೌಡನ ಮಾತು ಅಂದ್ರ ಮಾತು. ಬಿಟ್ಟು ಹೋಗಾಕ ಆಕಿಗೆ ಮತ್ತೊಂದು ಊರಿಲ್ಲ, ತವರಿಲ್ಲ. ಅದಕ್ಕಿಂತ ದೊಡ್ಡ ಅಂಜಿಕಿ ಇನ್ನೊಂದಿತ್ತು. ತಾವು ಹೇಳಿಕೊಂಡ ಕಷ್ಟ ಎಲ್ಲಿ ಹೋತು ಅಂತ ಹೆಣ್ಮಕ್ಕಳಿಗೆ ತಿಳೀತದಲ್ಲ! ಆಮ್ಯಾಲೆ ಯಾವಾಕಿ ತಂದು ಈ ಕೈಯಾಗ ತಲಿ ಕೊಟ್ಟಾಳು? ಅದನ್ನ ನೆನೆಸಿ ಹಂಪವ್ವ ಅತ್ತಳಂತ. ಜಗತ್ತಿನ ತಲಿಗೆಲ್ಲಾ ಎಣ್ಣಿ ಹಚ್ಚಿದಾಕಿಗೆ ಹಚ್ಚಾವರು ಯಾರೂ ಇರಲಿಲ್ಲ.

ಆದ್ರೂ ಮರುದಿನ ಮಧ್ಯಾಹ್ನ ಎಣ್ಣಿ ಬಟ್ಟಲ ಹಿಡಕೊಂಡು ಗೌಡನ ಮನಿಗೆ ಹೋದಳು. ಪಡಸಾಲಿ ತುಂಬ ಮಂದಿ. ಗೌಡನ ಸೊಸಿ ಗಂಜಿ ಬಟ್ಟಲ ಹಿಡಕೊಂಡು ಅಳಕೊಂತ ನಿಂತಿದ್ದಳು. ಹಂಪವ್ವ ನೆತ್ತಿಗೆ ಎಣ್ಣಿ ಹಾಕಿದಳು. ತಟ್ಟಿದಳು. ತಲಿ ತಣ್ಣಗ, ನಿನ್ನಿಗಿಂತ ತಣ್ಣಗ. ಎಲ್ಲಾರೂ ಸ್ವಲ್ಪ ಹೊರಗ ಹೋಗ್ರಿ ಅಂತ ಹೇಳಬೇಕು ಅಂತ ಬಾಯಿ ತಗದಳು, ಆದ್ರ ಬಾಯಿಗೆ ಬಂದದ್ದು ಹಾಡು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಗುನುಗಾಕ ಹತ್ತಿದಳು. ಹುಲಿಯಂಥ ಮೀಸಿ.

ಮೊದಲನೇ ಸಾಲಿಗೆ ಎಲ್ಲಾರಿಗೂ ಗೊತ್ತಾತು. ಗೊತ್ತಾಗದ ಏನು? ಅದ ದನಿ, ಹೊರಗ ಅದ ಮಗ್ಗದ ಖಟ್-ಖಟ್. ಈಗ ಬೈತಾರ, ಈಗ ಎದ್ದು ಹೋಗ್ತಾರ ಅಂತ ಹಂಪವ್ವ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದಳು. ಆಕಿಗೆ ಕಾಲಿನ ಸಪ್ಪಳ ಕೇಳಿಸಿತು. ಒಬ್ಬರದು, ಆಮ್ಯಾಲೆ ಇನ್ನೊಬ್ಬರದು, ಆಮ್ಯಾಲೆ ಭಾಳ ಮಂದೀದು. ಹೋಗಲಿ, ಹಾಡು ಅಂತೂ ಮುಗಸ್ತೀನಿ ಅಂತ ಎರಡನೇ ಸಾಲು ಮುಗಿಸಿ ಕಣ್ಣು ತಗದಳು.

ಯಾರೂ ಹೋಗಿರಲಿಲ್ಲ. ಎಲ್ಲಾರೂ ಗ್ವಾಡಿಗೆ ಮುಖ ಮಾಡಿ ನಿಂತಿದ್ರು.

ಮೊದಲು ತಿರುಗಿದಾಂವ ಮುದುಕ ನೇಕಾರ ರಾಚಪ್ಪಜ್ಜ ಅಂತಾರ. ಅಂವ ತಿರುಗಿದ್ದು ನೋಡಿ ಆತನ ಹೆಂಡ್ತಿ, ಆಮ್ಯಾಲೆ ಮೌಲಾಸಾಬ, ಆಮ್ಯಾಲೆ ಉಪ್ಪಿನ ಗಡಿಗಿ ಸೊಸಿ, ಆಕಿ ಅತ್ತಿನೂ. ಗಂಜಿ ಬಟ್ಟಲ ಹಿಡಕೊಂಡ ಸೊಸಿ ಬಟ್ಟಲ ಸಮೇತ ತಿರುಗಿದ್ದಳು. ಯಾರು ಹಾಡ್ಯಾರ ಅಂತ ನಾಳೆ ಕೇಳಿದ್ರ ನೋಡಿಲ್ಲ ಅಂತ ಖರೇನ ಹೇಳಬೇಕಲ್ಲ, ಅದಕ್ಕ. ಹಂಪವ್ವಗ ಕಂಡದ್ದು ಬರೇ ಬೆನ್ನು, ತನ್ನ ಊರಿನ ಬೆನ್ನು. ಆಕಿ ಕಣ್ಣಾಗ ನೀರು ಬಂದು, ಗಂಟಲ ಬಿಚ್ಚಿತು. ಇಳಿಯೋ ನನ್ನ ದೊರಿಯೇ ಅಂತ ಮನಿ ತುಂಬ ಹಾಡಿದಳು. ನಾನಿರೂತನಾ ಯಾಕ ಅಂಜಿಕಿ ನಿನಗ ಅನ್ನೋ ಸಾಲಿಗೆ ಆಕಿ ಅಂಗೈ ಕೆಳಗಿನ ತಲಿ ಅಳ್ಳಾಡಿತು.

ಗೌಡ ಅಳಾಕತ್ತಿದ್ದ. ಮೀಸಿ ತೊಯ್ಯೂವಂಗ ಅತ್ತ. ಅಳಕೊಂತನ ಬಾಯಿ ಬಿಟ್ಟ: "ಹಲ್ಲಿ ಅಲ್ಲೋ! ಅದು ಓತಿಕ್ಯಾತ ಇತ್ತು! ಇಷ್ಟುದ್ದ ಇತ್ತು! ನನ್ನ ಹೆಂಡ್ತಿ ಹಲ್ಲಿ ಅಂತ ಹೇಳ್ಯಾಳ!"

ಗ್ವಾಡಿಗೆ ಮುಖ ಮಾಡಿದ ಬೆನ್ನೆಲ್ಲಾ ಗದಗದ ಅಲುಗಿದೂ. ರಾಚಪ್ಪಜ್ಜ ನಗು ತಡೀಲಾರದ ಗ್ವಾಡಿಗೆ ಹಣಿ ಹಚ್ಚಿದ. ಅದನ್ನ ನೋಡಿ ಗೌಡಗೂ ನಗು ಬಂತು. ಮದವಿ ದಿನ ನಗದ ಇದ್ದದ್ದನ್ನೂ ಸೇರಿಸಿ ನಕ್ಕ ಅಂತಾರ. ನಕ್ಕು ಸಾಕಾಗಿ, ಗಂಜಿ ತರ್ರಿ ಅಂದ.

ಎರಡು ಬಟ್ಟಲ ಕುಡದ ಮ್ಯಾಲೆ ಗೌಡಗ ತನ್ನ ಮಾತು ನೆನಪಾತು. ಮೀಸಿ ಒರಸಿಕೊಂಡು, ಈಗ ಹಾಡಿದವರು ಯಾರು ಅಂತ ಕೇಳಿದ.

"ನಾವೇನ್ ನೋಡೇವ್ರೀ ಗೌಡ್ರ?" ಅಂದ ರಾಚಪ್ಪಜ್ಜ, ಇನ್ನೂ ಗ್ವಾಡಿ ಕಡೆನ ಮುಖ ಮಾಡಿ. "ನಾವು ಗ್ವಾಡಿ ನೋಡಾಕತ್ತಿದ್ವಿ. ಗಿಲಾವು ಭಾಳ ಚಲೋ ಮಾಡ್ಸೀರಿ."

ಗೌಡ ಎಲ್ಲಾರ ಬೆನ್ನು ನೋಡಿದ. ತನ್ನ ನೆತ್ತಿ ಮ್ಯಾಲೆ ಇನ್ನೂ ಇದ್ದ ಕೈ ಬೆಚ್ಚಗಿತ್ತು. ಆತ ಹೊಳ್ಳಿ ಆ ಕೈ ಯಾರದು ಅಂತ ನೋಡಲಿಲ್ಲ. ಗಾದಿ ಮ್ಯಾಲೆ ಕುಂತಲ್ಲೇ ತಾನೂ ಗ್ವಾಡಿಗೆ ಮುಖ ಮಾಡಿ, ಯಾರರೆ ಇರಲಿ, ಇನ್ನೊಮ್ಮೆ ಹಾಡಂತ ಹೇಳ್ರಿ ಆಕಿಗೆ, ಅಂದ.

ಮರುದಿನ ಹಂಪವ್ವ ಬಾಗಲಾ ತಗದ್ರ ಹೊರಗ ಕಟ್ಟಿ ತುಂಬ ಹೆಣ್ಮಕ್ಕಳು. ಹಾಡಿನ ಸುದ್ದಿ ಒಬ್ಬಾಕಿನೂ ಎತ್ತಲಿಲ್ಲ. ಆದ್ರ ಅವತ್ತಿನಿಂದ ತಮ್ಮ ಕಷ್ಟ ಹೇಳಾಗ ಸ್ವಲ್ಪ ನಿಧಾನ, ಸ್ವಲ್ಪ ಬಿಡಿಸಿ ಬಿಡಿಸಿ, ಪ್ರಾಸ ಸಿಗೂವಂಗ ಹೇಳಾಕ ಹತ್ತಿದ್ರಂತ!

ಹಂಪವ್ವ ಹೋಗಿ ಯಾವ ಕಾಲ ಆತೋ. ಕ್ಯಾಸೆಟ್ಟೂ ಹೋದೂ, ಪೆನ್ಸಿಲ್ ತೂರಿಸಿ ತಿರುವಾವರೂ ಹೋದ್ರು. ಆದ್ರ ಆ ಊರಾಗ ಇವತ್ತಿಗೂ ಗ್ವಾಡಿ ಮ್ಯಾಲಿನ ಹಲ್ಲಿ ಓಡಸೂದಿಲ್ಲ. ಹಾಡಿದಾಕಿ ಮಾರಿ ನೋಡಿದ್ದು ಅದೊಂದ ಅಂತಾರ. ಮನ್ಯಾಗ ಯಾರರೆ ಮಾತು ಬಿಟ್ಟು ಕುಂತ್ರ ಎಣ್ಣಿ ಬೆಚ್ಚಗ ಮಾಡ್ತಾರ, ನೆತ್ತಿಗೆ ತಟ್ಟತಾರ, ಉಳದವರು ಗ್ವಾಡಿಗೆ ತಿರುಗತಾರ. ಯಾರೋ ಒಬ್ಬರು ಹಾಡತಾರ. ಯಾರು ಅಂತ ಯಾರೂ ಕೇಳೂದಿಲ್ಲ.

ಹೂಂ. ಆ ಮೂಲ್ಯಾಗಿನ ತಂಗಿ ನಾವು ಕುಂತಾಗಿಂದ ಒಂದು ಮಾತೂ ಆಡಿಲ್ಲ. ಬಾ ಯವ್ವಾ, ಇಲ್ಲಿ ನನ್ನ ಮುಂದ ಕುಂಡ್ರು. ಎಣ್ಣಿ ಬಟ್ಟಲ ಇತ್ತ ಕೊಡ್ರಿ ಯಾರರೆ. ಉಳದವರು ಏನ್ ನೋಡತೀರಿ? ಗ್ವಾಡಿಗೆ ತಿರುಗ್ರಿ.